ಕೊನೆಗೆ ಹೊರಟವನು

ಕಲ್ಲಿನ ಮೇಲೆ ಏನೋ ಸರಕ್ಕನೆ ಓಡಿತು, ಹಲ್ಲಿಯೋ ನೆರಳೋ, ಕಣ್ಣು ಅತ್ತ ಹೊರಳುವಷ್ಟರಲ್ಲಿ ಇಲ್ಲ, ಬಿಸಿಲು ಮಾತ್ರ ಉಳಿದಿದೆ, ಚಳಿಗಾಲದ ಬಿಳಿಚಿದ ಬಿಸಿಲು, ಊರಿನ ಬಿಸಿಲಿನಂತೆ ಮೈಗೆ ಅಂಟಿಕೊಳ್ಳುವುದಿಲ್ಲ ಇದು, ಕರೆಯದೆ ಬಂದ ನೆಂಟನಂತೆ ಆಚೆಯೇ ನಿಂತು ನೋಡುತ್ತದೆ, ಸುತ್ತಲೂ ಒಂದು ಗಿಡವಿಲ್ಲ, ಒಂದು ಕಾಗೆಯಿಲ್ಲ, ಕಾಗೆಯೂ ಬಾರದ ಜಾಗಕ್ಕೆ ರಂಜಾನ್ ಹಬ್ಬದ ಮರುದಿನ ಮನುಷ್ಯರು ಯಾಕೆ ಬರಬೇಕು — ರುಕಿಯಾ ಅಬಾಯದ ಅಂಚನ್ನು ಎಡಗೈಯಲ್ಲಿ ಎತ್ತಿ ಹಿಡಿದು ಇನ್ನೊಂದು ಹೆಜ್ಜೆ ಇಟ್ಟಳು. ಮುಂದೆ ಸಂಕಪ್ಪ ನಡೆಯುತ್ತಿದ್ದಾನೆ, ಕೈಯಲ್ಲಿ ನೀರಿನ ಕ್ಯಾನು, ಕುತ್ತಿಗೆಯಲ್ಲಿ ಟಾರ್ಚು, ಕಿನ್ನಿಗೋಳಿಯ ಕಡೆಯವನು, ಬಾವಿ ಕೊರೆಯುವ ಕಂಪನಿಯ ವ್ಯಾನು ಓಡಿಸುತ್ತಾ ಈ ಬಯಲನ್ನೆಲ್ಲ ಸುತ್ತಿದವನು, ರಜೆ ಬಂತೆಂದರೆ ಊರಿನವರನ್ನು ಕಟ್ಟಿಕೊಂಡು ಏನಾದರೊಂದು ತೋರಿಸಲು ಹೊರಡುತ್ತಾನೆ, ಅವನಿಗೆ ಅದೊಂದು ಹುಚ್ಚು. ಹಿಂದೆ ಮಗಳು ನಶೀದಾ. ಅವಳ ಹಿಂದೆ ಅಳಿಯ ಶಿಹಾಬ್, ಹೊಸ ಬಿಳಿ ಶೂ ಹಾಕಿಕೊಂಡು, ಬಿರಿಯಾನಿಯ ಪಾತ್ರೆಯಿರುವ ಚೀಲ ಹೊತ್ತುಕೊಂಡು. ಚಕ್ರ ಮರಳಿನಲ್ಲಿ ಹೂತೀತೆಂದು ವ್ಯಾನನ್ನು ದೂರದಲ್ಲೇ ಬಿಟ್ಟು ಬಂದಿದ್ದಾರೆ, ತಿರುಗಿ ನೋಡಿದರೆ ಅದು ಬೆಂಕಿಪೊಟ್ಟಣದಷ್ಟು ಕಾಣುತ್ತದೆ. ಯಲ್ಲಾ ಉಮ್ಮಾ, ಇನ್ನು ಸ್ವಲ್ಪವೇ ಉಂಟು, ಅಲ್ಲಿ ಕಪ್ಪು ಕಾಣ್ತದಲ್ಲ ಅದೇ, ಎಂದು ಸಂಕಪ್ಪ ಕೈ ಚಾಚಿದ. ಅವಳಿಗೆ ಏನೂ ಕಾಣಲಿಲ್ಲ. ನೆಲ ಅಂಗೈಯಂತೆ ಮಟ್ಟಸವಾಗಿದೆ, ಅಂಗೈಯಲ್ಲಿ ಕುಳಿ ಎಲ್ಲಿರುತ್ತದೆ. ಸಂಕಪ್ಪಣ್ಣ, ನೀವು ಹೀಗೆ ಸ್ವಲ್ಪ ಸ್ವಲ್ಪ ಅಂತ ಹೇಳಿ ನಮ್ಮನ್ನು ಸೌದಿಗೇ ದಾಟಿಸ್ತೀರಿ ಅಂತ ಕಾಣ್ತದೆ, ಎಂದಳು ನಶೀದಾ. ದಾಟಿಸಿದ್ರೆ ಎಂತ, ವೀಸಾ ಇಲ್ಲದೆ ಉಮ್ರಾ ಯಾತ್ರೆ ಆಗ್ತದೆ ನಿಮ್ಗೆ, ಪುಣ್ಯ ನನಗೆ, ಎಂದ ಅವನು, ತಾನೇ ನಕ್ಕ. ನಶೀದಾಳೂ ನಕ್ಕಳು, ಆಮೇಲೆ ತಾಯಿಯ ಮುಖ ನೋಡಿ ನಗುವನ್ನು ಅರ್ಧಕ್ಕೆ ನುಂಗಿದಳು. ನಗಲಿ ಪಾಪ. ತಾನೇ ಹಟ ಹಿಡಿದು ಹೊರಡಿಸಿದ್ದು ಅವಳು — ಮನೆಯೊಳಗೆ ಕೂತು ಕೂತು ಗೋಡೆಯ ಹಾಗೆ ಆಗ್ತಾ ಇದ್ದೀರಿ ಉಮ್ಮ, ಬನ್ನಿ, ಒಂದು ದಿನ ಗಾಳಿಗೆ ಬನ್ನಿ. ಗಾಳಿಗೆ ಬಂದಾಯಿತು. ಈ ಗಾಳಿಗೆ ಉಪ್ಪಿಲ್ಲ, ವಾಸನೆಯಿಲ್ಲ, ಯಾರದೋ ಉಸಿರಿನಂತೆ ಒಣಗಿದ್ದು, ಅಸ್ತಗ್ಫಿರುಲ್ಲಾ, ಹಬ್ಬದ ದಿನಗಳಲ್ಲಿ ಎಂಥ ಮಾತು ಯೋಚಿಸುತ್ತಿದ್ದೇನೆ.

ಇದು ಮಗನಿಲ್ಲದ ಮೊದಲ ಹಬ್ಬ. ಹೋದ ವರ್ಷ ಇದೇ ದಿನ ಶಾಫಿ ಊರಿನಲ್ಲಿದ್ದ, ರಜೆಗೆ ಬಂದಿದ್ದ, ಪಳ್ಳಿಯ ನಮಾಜು ಮುಗಿಸಿ ಬಂದವನೇ ಹೊಸ ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿ ಬನಿಯನ್ನಿನಲ್ಲೇ ಊಟಕ್ಕೆ ಕುಳಿತ, ಅಂಗಿ ಕೊಳೆಯಾದರೆ ಉಮ್ಮ ಬೈಯುತ್ತಾರೆ ಎಂದು, ಅಷ್ಟು ದೊಡ್ಡವನಾಗಿ, ಮದುವೆಗೆ ಹೆಣ್ಣು ನೋಡಿಟ್ಟಿದ್ದ ಮಗ. ಇಲ್ಲಿಯ ಅರಬರ ಹಳೆ ಪೇಟೆ ಸೂಕ್ ವಾಕಿಫ್‌ನಲ್ಲಿ ಬಲೆ, ಹಗ್ಗ, ಗಾಳ ಮಾರುವ ಅಂಗಡಿಯಲ್ಲಿ ಅವನ ಕೆಲಸ. ಸಮುದ್ರ ಬಿಟ್ಟು ಅಲ್ಲಿಗೆ ಹೋದರೂ ಬಲೆ ಬಿಡಲಿಲ್ಲ ನೋಡು ಎಂದು ನೆರೆಯವರು ತಮಾಷೆ ಮಾಡುತ್ತಿದ್ದರು. ರಜೆ ಮುಗಿಸಿ ಹೋದ. ಬೇಸಿಗೆಯಲ್ಲಿ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ರೂಮಿನಲ್ಲಿ ಮಲಗಿದವನು ಬೆಳಗಿನ ನಮಾಜಿಗೆ ಏಳಲಿಲ್ಲ, ಎದೆ ನಿಂತಿತ್ತಂತೆ, ನೋವಾಯಿತೋ, ಕೂಗಿದನೋ, ಯಾರಿಗೂ ಗೊತ್ತಿಲ್ಲ, ಎ.ಸಿ.ಯ ಸದ್ದಿಗೆ ಏನೂ ಕೇಳಿಸಲಿಲ್ಲವಂತೆ. ಮರುದಿನವೇ ಮಣ್ಣು, ಅಬು ಹಮೂರ್‌ನ ಖಬರಸ್ತಾನದಲ್ಲಿ. ಊರಿನ ಪಕ್ಕದ ಮನೆಯ ಫೋನಿಗೆ ಶಿಹಾಬ್ ಕರೆ ಮಾಡಿದ್ದ. ಅವಳು ಅಳಲಿಲ್ಲ, ಅಳು ಬಂದದ್ದು ಎಷ್ಟೋ ದಿನದ ಮೇಲೆ ಆ ಅಂಗಿಯ ಮೊಳೆ ನೋಡಿದಾಗ. ಅಂದು ಅವಳು ಕೇಳಿದ್ದು ಒಂದೇ ಮಾತು. ತಲ್ಕೀನ್ ಓದಿದರಾ? ಫೋನಿನಲ್ಲಿ ಗರಗರ ಸದ್ದು. ಓದಿದ್ದಾರೆ ಮಾಮಿ, ಎಲ್ಲ ಕ್ರಮವಾಗಿ ಆಗಿದೆ, ನೀವು ಬೇಜಾರು ಮಾಡ್ಬೇಡಿ. ಆ ಒಂದು ಮಾತನ್ನು ಹಾಸಿಕೊಂಡು ಹೊದ್ದುಕೊಂಡು ಇಷ್ಟು ತಿಂಗಳು ಮಲಗಿದ್ದಾಳೆ. ಓದಿದ್ದಾರೆ. ಆದರೆ ಮಗಳ ಮನೆಗೆಂದು ಇಲ್ಲಿಗೆ ಬಂದ ಅವಳನ್ನು ಅಳಿಯ ವಿಮಾನ ನಿಲ್ದಾಣದಿಂದ ಕರೆತಂದ ದಿನದಿಂದ ಕಣ್ಣು ಕೊಟ್ಟು ಮಾತಾಡಿಲ್ಲ. ಖಬರು ನೋಡಬೇಕು ಎಂದರೆ, ಇಲ್ಲಿ ಹೆಂಗಸರನ್ನು ಒಳಗೆ ಬಿಡೂದಿಲ್ಲ ಮಾಮಿ, ಎಂದ, ಸರಿ, ಅದು ಇಲ್ಲಿಯ ನಿಯಮ, ಓದಿದ ಉಸ್ತಾದರು ಯಾರು ಎಂದರೆ, ಒಬ್ಬರು, ಈಗ ಊರಿಗೆ ಹೋಗಿದ್ದಾರೆ, ಎಂದ, ಚಹಾದ ಲೋಟ ನೋಡುತ್ತಾ.

ತಲ್ಕೀನ್ ಓದುವುದೆಂದರೆ ಏನೆಂದು ಅವಳಿಗೆ ಹೇಳಿಕೊಡಬೇಕಾಗಿಲ್ಲ, ಅವಳ ಮನೆಯ ಗೋಡೆಯೇ ಪಳ್ಳಿಯ ಗೋಡೆ, ಗೋಡೆಯಾಚೆ ಖಬರುಗಳು, ಮದುವೆಯಾಗಿ ಬಂದ ವರ್ಷದಿಂದ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಕೇಳಿದ್ದಾಳೆ. ಮಣ್ಣು ಮುಚ್ಚಿ ಆದ ಮೇಲೆ ಹಸೈನಾರ್ ಮುಸ್ಲಿಯಾರರು ತಲೆಯ ಕಡೆ ಕುಳಿತುಕೊಳ್ಳುತ್ತಾರೆ, ಒಳಗಿರುವವನಿಗೆ ಹೇಳಿಕೊಡುತ್ತಾರೆ, ಮೊದಲ ದಿನ ಮದರಸಕ್ಕೆ ಹೋಗುವ ಮಗುವಿಗೆ ಹೇಳಿಕೊಟ್ಟಂತೆ, ಈಗ ಇಬ್ಬರು ದೇವದೂತರು ಬರುತ್ತಾರೆ, ಅವರನ್ನು ಕಂಡು ಹೆದರಬೇಡ, ಅವರೂ ನಿನ್ನಂತೆ ಅಲ್ಲಾಹುವಿನ ಸೃಷ್ಟಿಯೇ, ನಿನ್ನ ರಬ್ಬ್ ಯಾರೆಂದು ಕೇಳುತ್ತಾರೆ, ಹೀಗೆ ಹೇಳು, ನಿನ್ನ ಪ್ರವಾದಿ ಯಾರೆಂದು ಕೇಳುತ್ತಾರೆ, ಹೀಗೆ ಹೇಳು. ಕಡಲ ಗಾಳಿ ಬಂದಾಗ ಮಾತು ಹರಿದು ಹೋಗುತ್ತಿತ್ತು, ಗಾಳಿ ನಿಂತಾಗ ಮತ್ತೆ ಕೇಳುತ್ತಿತ್ತು, ಹಾಗಾಗಿ ಅವಳಿಗೆ ಬರುವ ತಲ್ಕೀನ್ ತೂತು ತೂತಾದದ್ದು, ಶಾಫಿ ಮಾರುತ್ತಿದ್ದ ಬಲೆಯಂತೆ. ಮತ್ತು ಒಂದು ತೂತು ಯಾವಾಗಲೂ ಒಂದೇ ಕಡೆ. ಸತ್ತವನನ್ನು ಅಲ್ಲಿ ಬಾಪನ ಹೆಸರಿನಿಂದ ಕರೆಯುವುದಿಲ್ಲ. ಓ ಇಂಥವನೇ, ಇಂಥವಳ ಮಗನೇ, ಎಂದು ತಾಯಿಯ ಹೆಸರು ಹಿಡಿದು ಕರೆಯುತ್ತಾರೆ. ಆ ಹೆಸರು ಬರುವಲ್ಲಿ ಮುಸ್ಲಿಯಾರರು ಸ್ವರ ಇಳಿಸುತ್ತಾರೆ, ಅಷ್ಟು ಗಂಡಸರ ನಡುವೆ ಒಬ್ಬಳು ಹೆಂಗಸಿನ ಹೆಸರನ್ನು ಗಟ್ಟಿಯಾಗಿ ಹೇಳುವುದು ಹೇಗೆ, ಮರ್ಯಾದೆಯ ಮನುಷ್ಯ. ಅವಳ ಗಂಡ ತೀರಿಕೊಂಡಾಗಲೂ ಕಿಟಕಿಯಲ್ಲಿ ಕಿವಿಯಿಟ್ಟು ನಿಂತಿದ್ದಳು, ಅತ್ತೆಯ ಹೆಸರು ಕೇಳಲಿಲ್ಲ, ಒಂದು ಉಸಿರು ಮಾತ್ರ ಕೇಳಿತು, ಆಮೇಲೆ ಮುಂದಿನ ಮಾತು. ತನ್ನ ಹೆಸರನ್ನು ಕೂಡ ಅವಳು ಕೇಳಿ ಎಷ್ಟು ಕಾಲವಾಯಿತು. ಮಗ ಹುಟ್ಟಿದ ಮೇಲೆ ಅವಳು ಶಾಫಿಯ ಉಮ್ಮ, ಹಾಲಿನವನಿಗೆ, ಮೀನಿನವಳಿಗೆ, ಗಂಡನಿಗೂ. ಬೇಸಿಗೆಯ ನಂತರ ಜನ ಆ ಹೆಸರನ್ನು ನಾಲಿಗೆಯ ತುದಿಯವರೆಗೆ ತಂದು ಹಿಂದೆ ಎಳೆದುಕೊಂಡು ನಶೀದಾಳ ಉಮ್ಮ ಎನ್ನತೊಡಗಿದರು. ಯಾರೂ ಕರೆಯದ ಆ ರುಕಿಯಾ ಎಂಬ ಹೆಸರನ್ನು ಲೋಕದಲ್ಲಿ ಒಂದೇ ಒಂದು ಸಲ, ಒಂದೇ ಒಂದು ಕಡೆ, ಒಬ್ಬರು ಹೇಳಿರಬೇಕು, ರುಕಿಯಾಳ ಮಗನೇ ಎಂದು, ಮರಳಿನ ಮೇಲೆ ಬಾಗಿ. ಹೇಳಿರಬೇಕು. ಹೇಳಿದ್ದಾರೆ.

ಜಾಗ್ರತೆ ಜಾಗ್ರತೆ, ನಿಲ್ಲಿ, ಎಂದು ಸಂಕಪ್ಪ ಎರಡು ಕೈ ಅಗಲಿಸಿ ಅಡ್ಡ ನಿಂತ, ಅವಳು ನಿಂತಳು, ಮತ್ತು ಅವನ ಕಾಲಿನ ಆಚೆ ನೆಲ ಮುಗಿದಿತ್ತು. ಇಷ್ಟು ಹೊತ್ತು ನೆಲವೆಂದು ನಂಬಿ ನಡೆದದ್ದು ನೆಲವಲ್ಲ, ಒಂದು ಬಾಯಿಯ ತುಟಿ. ಕಲ್ಲು ಒಳಕ್ಕೆ ಜಾರಿ ಜಾರಿ ಹೋಗಿದೆ, ಮೊದಲು ಹಳದಿ, ಆಮೇಲೆ ಬೂದಿ, ಆಮೇಲೆ ಬಣ್ಣವೇ ಇಲ್ಲ. ಯಾ ಅಲ್ಲಾಹ್, ಇದೆಂತ, ಜ್ವಾಲಾಮುಖಿಯಾ, ಶಾಲೆಯ ಪುಸ್ತಕದಲ್ಲಿ ಚಿತ್ರ ಇತ್ತು ಹೀಗೇ, ಎಂದಳು ನಶೀದಾ. ಬೆಂಕಿ ಗಿಂಕಿ ಮಾಫಿ, ಎಂತದೂ ಇಲ್ಲ, ಎಂದ ಸಂಕಪ್ಪ, ನೀರು ತಿಂದ ಕಲ್ಲು ಇದು, ಒಳಗಿಂದ ಒಳಗೆ ತಿಂದು ತಿಂದು ಒಂದು ದಿನ ಮೇಲಿನ ಮಾಡು ಕುಸಿದದ್ದು, ದಹ್ಲ್ ಅಂತಾರೆ ಇಲ್ಲಿಯವರು, ಅಡಿಯಲ್ಲಿ ಕಲ್ಲು ಬೆಳ್ಳಗೆ ಹೊಳೀತದೆ, ಕತ್ತಲೆಯಲ್ಲಿ ಕಣ್ಣು ಹೊಂದಿದ ಮೇಲೆ ನೋಡ್ಬೇಕು ನೀವು, ಬೆಳದಿಂಗಳಿನ ಹಾಗೆ. ನೀರು ಎಂದರೂ ಬೆಂಕಿ ಎಂದರೂ ಅವಳಿಗೆ ಒಂದೇ, ಒಳಗಿನಿಂದ ತಿನ್ನುವಂಥದು ಒಂದು ಇದೆ, ಮೇಲೆ ಜನ ನಡೆದಾಡುತ್ತಿರುತ್ತಾರೆ. ನಾನು ಮೇಲೆಯೇ ಕೂರುತ್ತೇನೆ, ನೀವು ನೋಡಿ ಬನ್ನಿ, ಎಂದಳು. ಒಬ್ಬರನ್ನೇ ಬಿಟ್ಟು ಹೇಗೆ ಮಾಮಿ, ಎಂದ ಶಿಹಾಬ್, ಚೀಲವನ್ನು ಒಂದು ಬಂಡೆಯ ನೆರಳಿನಲ್ಲಿ ಇಡುತ್ತಾ. ಸಂಕಪ್ಪ ನಕ್ಕ. ಉಮ್ಮಾ, ಉಚ್ಚಿಲದ ಕಡಲಿಗೆ ಹೆದರದವರು ಈ ಒಣಗುಂಡಿಗೆ ಹೆದರೂದಾ, ನನ್ನ ಹೆಂಡತಿಯನ್ನೇ ಇಳಿಸಿದ್ದೇನೆ, ಅವಳು ನಿಮ್ಮ ಎರಡರಷ್ಟು ಇದ್ದಾಳೆ, ಕೂತುಕೊಂಡು ಇಳೀಬೇಕು ಅಷ್ಟೆ, ನಿಂತು ಅಲ್ಲ, ಮಕ್ಕಳು ಮೆಟ್ಟಿಲು ಇಳಿದ ಹಾಗೆ, ಮತ್ತೆ ಒಂದು ಮಾತು, ಒಳಗೆ ಬೊಬ್ಬೆ ಹಾಕ್ಬಾರದು, ಮಾಡಿನ ಕಲ್ಲು ಸಡಿಲ ಉಂಟು, ಸದ್ದಿಗೆ ಉದುರ್ತದೆ. ನಶೀದಾ ತಾಯಿಯ ಕೈ ಹಿಡಿದಳು. ಕೈ ತಣ್ಣಗಿತ್ತು, ಅವಳಿಗೂ ಹೆದರಿಕೆಯೇ, ಹೆದರಿದ ಮಗಳನ್ನು ಒಬ್ಬಳೇ ಹೇಗೆ ಕಳಿಸುವುದು, ಒಬ್ಬನನ್ನು ಕಳಿಸಿ ಆಗಿದೆ. ಬಿಸ್ಮಿಲ್ಲಾ ಎಂದು ರುಕಿಯಾ ಕುಳಿತು ಕಾಲು ಚಾಚಿದಳು.

ಕಲ್ಲು ಬೆಚ್ಚಗಿತ್ತು, ಒಂದು ಗೇಣು ಕೆಳಗೆ ತಣ್ಣಗಿತ್ತು. ಅಬಾಯ ಕಾಲಿಗೆ ಸುತ್ತಿಕೊಳ್ಳುತ್ತದೆ, ಬಿಡಿಸಿಕೊ, ಅಂಗೈ ಊರು, ಜಾರು, ಇನ್ನೊಂದು ಕಲ್ಲು, ಕೆಳಗಿನಿಂದ ಸಂಕಪ್ಪನ ದನಿ, ಹಾಂ, ಎಡಗಾಲು, ಅಲ್ಲಿಯೇ, ಖಲಾಸ್, ಇನ್ನು ಬಲಗಾಲು. ಅವನು ಸುಮ್ಮನಿರುವ ಮನುಷ್ಯನಲ್ಲ, ಹೆದರಿದವರ ಜೊತೆ ಮಾತಾಡುತ್ತಲೇ ಇರಬೇಕು ಎಂಬುದು ಅವನ ಲೆಕ್ಕ, ಮಾತಾಡುತ್ತಲೇ ಇದ್ದ. ಶಾಫಿಗೆ ತೋರಿಸ್ಬೇಕು ಅಂತ ಇತ್ತು ಉಮ್ಮಾ ಇದನ್ನು, ಶುಕ್ರವಾರ ಶುಕ್ರವಾರ ಹೇಳೂದು, ಅವನಿಗೆ ನಿದ್ದೆಯೇ ಆಗ್ಬೇಕು, ಒಂದೇ ಬಿಲ್ಡಿಂಗ್ ಅಲ್ವಾ ನಾವು, ನನ್ನ ಅಡುಗೆಗೆ ಉಪ್ಪಿಲ್ಲ ಅಂತ ಬೈತಿದ್ದ, ಬೈದು ಎರಡು ಸಲ ಬಡಿಸಿಕೊಳ್ತಿದ್ದ, ಒಳ್ಳೆ ಜನ. ಎಡಗಾಲು. ಹಾಂ. ಅವತ್ತು ಕೂಡ ವ್ಯಾನು ನನ್ನದೇ, ಆಸ್ಪತ್ರೆಯಿಂದ ಅಬು ಹಮೂರಿಗೆ. ನಾನು ಗೇಟಿನ ಹೊರಗೆಯೇ ಕೂತಿದ್ದೆ, ಅಲ್ಲಿಂದ ಎಲ್ಲ ಕಾಣ್ತಿತ್ತು. ನಿಮ್ಮವರದ್ದು ಇಲ್ಲಿ ಎಷ್ಟು ಬೇಗ ಉಮ್ಮಾ, ನಮ್ಮಲ್ಲಾದ್ರೆ ಅರ್ಧ ದಿನ ಬೇಕು, ಎ.ಸಿ. ಬಂದ್ ಕೂಡ ಮಾಡ್ಲಿಲ್ಲ ನಾನು, ಅಷ್ಟರಲ್ಲಿ ಇವರೆಲ್ಲ ಕೈಯ ಮಣ್ಣು ಕೊಡವಿಕೊಂಡು ಬಂದೇ ಬಿಟ್ರು. ಓದೂದು ಗೀದೂದು ಒಂದೂ ಇಲ್ಲ, ಕೂತುಕೊಳ್ಳೂದು ಇಲ್ಲ, ಮುಗೀತು. ನಾನು ಶಿಹಾಬನತ್ರ ಕೇಳಿದೆ, ಇಷ್ಟೆಯಾ ಅಂತ. ಬಲಗಾಲು ಉಮ್ಮಾ. ಬಲಗಾಲು. ಉಮ್ಮಾ?

ಬಲಗಾಲು ಎಲ್ಲಿದೆಯೆಂದು ಅವಳಿಗೆ ತಿಳಿಯಲಿಲ್ಲ. ಓದೂದು ಒಂದೂ ಇಲ್ಲ. ಮೇಲೆ ಗುಂಡಿಯ ಬಾಯಿ ಈಗ ಒಂದು ತಟ್ಟೆಯಷ್ಟಾಗಿದೆ, ಅದರಲ್ಲಿ ಆಕಾಶ ಬೆಳ್ಳಗೆ ಒಣಗಿದೆ. ಮೇಲಿನ ಕಲ್ಲಿನಲ್ಲಿ ಇಳಿಯುತ್ತಿರುವ ಶಿಹಾಬನ ಶೂಗಳ ಅಡಿಭಾಗ ಕಾಣುತ್ತಿದೆ, ಆ ಅಡಿ ಅಲ್ಲಾಡುತ್ತಿಲ್ಲ, ಅವನೂ ಕೇಳಿದ್ದಾನೆ. ಕೈಯ ಮಣ್ಣು ಕೊಡವಿಕೊಂಡು ಬಂದೇ ಬಿಟ್ರು. ಓದಿದ್ದಾರೆ ಮಾಮಿ, ಎಲ್ಲ ಕ್ರಮವಾಗಿ. ಕೂತುಕೊಳ್ಳೂದು ಇಲ್ಲ. ಯಾರು ಏನು ಹೇಳುತ್ತಿದ್ದಾರೆ, ನಶೀದಾ ಏನೋ ಹೇಳುತ್ತಿದ್ದಾಳೆ, ಸಂಕಪ್ಪಣ್ಣ ಸ್ವಲ್ಪ ಬಾಯಿ ಮುಚ್ಚಿಕೊಳ್ತೀರಾ, ಎಂದು, ಸಂಕಪ್ಪ, ನಾನೆಂತ ಹೇಳಿದೆ ಮಾರಾಯ್ತಿ, ಎನ್ನುತ್ತಿದ್ದಾನೆ, ಅವನ ತಪ್ಪಿಲ್ಲ, ಅವನಿಗೆ ಏನು ಗೊತ್ತು, ಅವನು ಕಂಡದ್ದು ಹೇಳಿದ. ಅವಳ ಕಾಲು ತಾನಾಗಿ ಒಂದು ಕಲ್ಲನ್ನು ಹುಡುಕಿತು, ಆಮೇಲೆ ಇನ್ನೊಂದು, ಮೇಲೆ ಹತ್ತಬೇಕೆಂದು ಮನಸ್ಸು, ಮೈ ಇಳಿಯುತ್ತಲೇ ಇತ್ತು, ಇಳಿಯುವುದೇ ಸುಲಭ, ಇಳಿಸುವವರಿಗೂ ಸುಲಭ, ಮೂವರು ಕೆಳಗೆ ನಿಂತು ಮೂವರು ಮೇಲಿನಿಂದ ಕೊಟ್ಟು, ಮೆಲ್ಲಗೆ, ಬಲಗಡೆಗೆ ಹೊರಳಿಸಿ, ಕೆನ್ನೆ ಮಣ್ಣಿಗೆ ತಾಗುವಂತೆ, ಅವನ ಬಲಗೆನ್ನೆಯಲ್ಲಿ ಗಾಳ ಹೊಕ್ಕ ಗಾಯದ ಕಲೆ ಇತ್ತು, ಚಿಕ್ಕಂದಿನದು, ಆ ಕಲೆಯೇ ಮಣ್ಣಿಗೆ. ಆಮೇಲೆ ಎಲ್ಲರೂ ಹೊರಟರು. ಹೇಳಿಕೊಡದೆ ಹೊರಟರು. ಹುಡುಗ ಮೊದಲ ದಿನ ಮದರಸಕ್ಕೆ ಹೋದಾಗ ಬಾಗಿಲಲ್ಲಿ ಸೆರಗು ಹಿಡಿದು, ಉಸ್ತಾದ್ ಏನಾದರೂ ಕೇಳಿದರೆ, ಎಂದು ಅತ್ತಿದ್ದ, ಅವಳು ದಾರಿಯುದ್ದಕ್ಕೂ ಅಲಿಫ್ ಬಾ ಹೇಳಿಕೊಡುತ್ತಾ ಕರೆದುಕೊಂಡು ಹೋಗಿದ್ದಳು, ಗೊತ್ತಿದ್ದದ್ದೂ ಹೆದರಿದರೆ ಮರೆಯುತ್ತಿತ್ತು ಅವನಿಗೆ. ಹೆದರಿದರೆ ಎಲ್ಲ ಮರೆಯುತ್ತಿತ್ತು.

ಅಡಿ ತಲುಪಿದರು. ನೆಲವೆಂದರೆ ಬಿದ್ದ ಕಲ್ಲುಗಳ ರಾಶಿ, ಅದರ ಮೇಲೆ ಸಣ್ಣ ಮರಳು, ಗಾಳಿ ಮೇಲಿನಿಂದ ಜರಡಿ ಹಿಡಿದು ಸುರಿದಂಥದು. ಟಾರ್ಚು ಆರಿಸ್ತೇನೆ, ನೋಡಿ, ಎಂದು ಸಂಕಪ್ಪ ಮೆಲ್ಲಗೆ ಹೇಳಿದ, ಅವನ ದನಿಯ ತಮಾಷೆ ಹೋಗಿತ್ತು. ಆರಿಸಿದ. ಕತ್ತಲೆ ಕಣ್ಣಿಗೆ ಒತ್ತಿತು, ಆಮೇಲೆ ಸ್ವಲ್ಪ ಸ್ವಲ್ಪವೇ ಗೋಡೆ ಬೆಳ್ಳಗಾಯಿತು, ಹೊಳಪಲ್ಲ ಅದು, ನೆನೆಸಿದ ಬಟ್ಟೆಯ ಬಿಳುಪು, ಮಯ್ಯತ್ತಿಗೆ, ಸತ್ತವರಿಗೆ, ಹೊದೆಸುವ ಬಟ್ಟೆ ಕತ್ತಲೆ ಕೋಣೆಯಲ್ಲಿ ಎಷ್ಟು ಕಾಣುತ್ತದೋ ಅಷ್ಟು. ಎಷ್ಟು ಚಂದ, ಎಂದಳು ನಶೀದಾ, ಯಾರಿಗೂ ಕೇಳಿಸಬೇಕೆಂದಲ್ಲ. ರುಕಿಯಾ ಮರಳಿನ ಮೇಲೆ ಕೈಯೂರಿದಳು. ಕುಳಿತಳು. ಏಳಲು ನೋಡಿದಳು, ಆಗಲಿಲ್ಲ, ಮತ್ತೆ ನೋಡಿದಳು, ಕಾಲು ಬೇರೆ ಯಾರದೋ. ನಶೀದಾ ಒಂದು ರಟ್ಟೆ, ಶಿಹಾಬ್ ಒಂದು ರಟ್ಟೆ, ಎತ್ತಿದರು, ನಿಂತಳು, ಮೇಲಿನ ದಾರಿ ನೋಡಿದ ಕೂಡಲೇ ಮತ್ತೆ ಕುಸಿದಳು. ಮಾಫಿ ಮುಷ್ಕಿಲ್ ಉಮ್ಮಾ, ಹೆದರ್ಬೇಡಿ, ಹೀಗೆ ಆಗೂದುಂಟು, ಇಳಿಯುವಾಗ ಬಾರದ ಹೆದರಿಕೆ ಹತ್ತುವಾಗ ಬರ್ತದೆ, ಎಂದ ಸಂಕಪ್ಪ, ವ್ಯಾನಲ್ಲಿ ಹಗ್ಗ ಉಂಟು, ತರ್ತೇನೆ, ಸೊಂಟಕ್ಕೆ ಕಟ್ಟಿ ಮೆಲ್ಲ ಎಳೆದುಕೊಂಡ್ರೆ ಆಯ್ತು. ನಶೀದಾ, ನೀನು ನನ್ನ ಒಟ್ಟಿಗೆ ಹತ್ತು, ಮೇಲೆ ಹಗ್ಗ ಹಿಡಿಯಲಿಕ್ಕೆ ಒಬ್ರು ಬೇಕು. ಉಮ್ಮ ಒಬ್ಬರೇ, ಎಂದಳು ಅವಳು. ಶಿಹಾಬ್ ಇದ್ದಾನಲ್ಲ. ಇಬ್ಬರೂ ಹತ್ತತೊಡಗಿದರು, ಪುಡಿ ಕಲ್ಲುಗಳು ಉರುಳಿ ಬಂದು ಅವಳ ಪಾದದ ಬಳಿ ನಿಂತವು, ತಲೆಯೆತ್ತಿದರೆ ಅಡಿಗಳು, ಸಂಕಪ್ಪನ ಸವೆದ ಬೂಟಿನ ಅಡಿ, ನಶೀದಾಳ ಚಪ್ಪಲಿಯ ಅಡಿ, ಒಂದು ಎದ್ದರೆ ಇನ್ನೊಂದು ಊರುತ್ತದೆ, ಸರ್, ಸರ್, ಸಣ್ಣದಾಗುತ್ತಾ. ಕೆಳಗೆ ಮಲಗಿದವನಿಗೆ ಲೋಕ ಹೀಗೆ ಕಾಣುತ್ತದೆ. ಮುಖಗಳಲ್ಲ. ಅಡಿಗಳು.

ಶಿಹಾಬ್ ಅವಳ ಎದುರು ಕುಕ್ಕರಗಾಲಿನಲ್ಲಿ ಕುಳಿತಿದ್ದ. ಮುಖ ಕಾಣುತ್ತಿರಲಿಲ್ಲ, ಉಸಿರು ಕೇಳುತ್ತಿತ್ತು. ತಲ್ಕೀನ್ ಓದಲಿಲ್ಲ ಅಲ್ಲವಾ, ಎಂದಳು. ಇಲ್ಲಿ ಆ ಕ್ರಮ ಇಲ್ಲ ಮಾಮಿ, ಇಲ್ಲಿಯವರು ಅದನ್ನು ಒಪ್ಪೂದಿಲ್ಲ, ಅಷ್ಟು ಜನರ ನಡುವೆ ನಾನು ಬಾಯಿ ತೆರೆದರೆ, ನನ್ನ ಕೆಲಸ, ನಶೀದಾ — ಅವನು ನಿಲ್ಲಿಸಿದ, ಮತ್ತೆ, ಫೋನಿನಲ್ಲಿ ನೀವು ಅದೊಂದೇ ಕೇಳಿದಿರಿ, ಇಲ್ಲ ಅಂತ ಹೇಗೆ ಹೇಳಲಿ ಮಾಮಿ, ನೀವೇ ಹೇಳಿ. ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು. ಇನ್ನೊಂದು ಮಾತು ಕೇಳಬೇಕಾಗಿತ್ತು, ಕೇಳಿದಳು. ಕೊನೆಗೆ ಹೊರಟದ್ದು ಯಾರು? ಎಲ್ಲಿಂದ ಮಾಮಿ? ಖಬರಿನ ಹತ್ತಿರದಿಂದ. ಎಲ್ಲರಿಗಿಂತ ಕೊನೆಗೆ. ಗೊತ್ತಿಲ್ಲ ಮಾಮಿ. ಕಾಲು ಸುಡುವಷ್ಟು ಬಿಸಿಲಿತ್ತು. ಎಲ್ಲರೂ ಒಟ್ಟಿಗೇ ಹೊರಟೆವು. ಯಾರೂ ತಿರುಗಿ ನೋಡಲಿಲ್ಲ. ಮೇಲಿನಿಂದ ನಶೀದಾಳ ದನಿ ಬಂತು, ಪಿಸುದನಿಯಲ್ಲೇ ಕೂಗುವ ಪ್ರಯತ್ನ, ಸಂಕಪ್ಪಣ್ಣ ವ್ಯಾನಿಗೆ ಹೋದರು, ನನಗೆ ಇಲ್ಲಿ ಒಬ್ಬಳಿಗೇ ಹೆದರಿಕೆ ಆಗ್ತದೆ. ನೀನೂ ಹೋಗು, ಎಂದಳು ರುಕಿಯಾ. ನಿಮ್ಮನ್ನು ಬಿಟ್ಟು — ಹೋಗು ಶಿಹಾಬ್, ಬಯಲಿನಲ್ಲಿ ಹುಡುಗಿ ಒಬ್ಬಳೇ ನಿಂತಿದ್ದಾಳೆ, ನನಗೆ ಇಲ್ಲಿ ಏನಾಗುತ್ತದೆ, ಹೋಗು. ಅವನು ಎದ್ದ. ಹತ್ತಿದ. ಬಿಳಿ ಅಡಿಗಳು, ಒಂದು, ಇನ್ನೊಂದು, ಕತ್ತಲೆಯಿಂದ ಬೂದಿಗೆ, ಬೂದಿಯಿಂದ ಹಳದಿಗೆ.

ಹೋಗು ಎಂದವಳು ತಾನೇ, ಆದರೆ ಎದೆ ಹಿಂದೆ ಹಿಂದೆ ಓಡುತ್ತಿದೆ. ಪರದೆಯ ಹಿಂದೆ ಕುಳಿತು ಮುಸ್ಲಿಯಾರರ ಪ್ರವಚನ ಕೇಳಿದ ರಾತ್ರಿಗಳಲ್ಲಿ ಹೆಂಗಸರೆಲ್ಲ ಒಬ್ಬರನ್ನೊಬ್ಬರು ಒತ್ತಿ ಕುಳಿತುಕೊಳ್ಳುತ್ತಿದ್ದ ಜಾಗ ಒಂದಿತ್ತು, ಖಬರಿನಲ್ಲಿಟ್ಟವನಿಗೆ ಕೇಳಿಸುತ್ತದೆ, ಮರಳಿ ಹೋಗುವವರ ಚಪ್ಪಲಿಯ ಸದ್ದು ಅವನಿಗೆ ಕೇಳಿಸುತ್ತದೆ, ಆ ಸದ್ದು ನಿಂತ ಮೇಲೆ ಇಬ್ಬರು ಬರುತ್ತಾರೆ. ಅಲ್ಲಿಯವರೆಗೆ ಬರುವುದಿಲ್ಲ. ಹತ್ತಿರ ಒಬ್ಬ ನಿಂತಿದ್ದರೆ ಅಷ್ಟು ಹೊತ್ತು ಧೈರ್ಯ. ಅವನ ಹತ್ತಿರ ಯಾರೂ ನಿಲ್ಲಲಿಲ್ಲ. ಕಾಲು ಸುಡುತ್ತಿತ್ತು, ಎಲ್ಲರೂ ಒಟ್ಟಿಗೇ, ಒಟ್ಟಿಗೇ ಹೊರಟ ಸದ್ದು ಎಷ್ಟು ಬೇಗ ಮುಗಿದಿರಬೇಕು, ಎ.ಸಿ. ಬಂದ್ ಮಾಡುವಷ್ಟೂ ಹೊತ್ತಿಲ್ಲ, ಬಲಗೆನ್ನೆ ಮಣ್ಣಿಗೆ ಕೊಟ್ಟು ಅವನು ಕೇಳಿದ್ದಾನೆ, ಇನ್ನು ಯಾರಾದರೂ ಕುಳಿತು ಹೇಳಿಕೊಡುತ್ತಾರೆ, ಊರಿನಲ್ಲಿ ಕಿಟಕಿಯಿಂದ ಕೇಳಿದ್ದೆನಲ್ಲ, ಈಗ ಹೆಸರು ಹಿಡಿದು ಕರೆಯುತ್ತಾರೆ, ಎಂದು ಕಾದಿದ್ದಾನೆ, ಮತ್ತು ವ್ಯಾನಿನ ಬಾಗಿಲು ಮುಚ್ಚಿದ ಸದ್ದು. ಯಾ ರಬ್ಬ್. ಆಮೇಲಿನದನ್ನು ನೆನೆಯಲಾರೆ. ನೀನು ಎಲ್ಲ ಬಲ್ಲವನು, ಯಾರೂ ಹೇಳಿಕೊಡದವನನ್ನೂ ಕೈಬಿಡುವವನಲ್ಲ, ಬಾವಿಗೆ ಬಿದ್ದವನನ್ನು, ಕಡಲಿನಲ್ಲಿ ಹೋದವನನ್ನು, ಅವರಿಗೆಲ್ಲ ಯಾರು ತಲ್ಕೀನ್ ಓದಿದರು, ಗೊತ್ತು, ಗೊತ್ತು, ಗೊತ್ತಿದ್ದರೂ ಮನಸ್ಸು ಒಪ್ಪುತ್ತಿಲ್ಲ, ಕ್ಷಮಿಸು. ಹೆಂಗಸು ಓದುವ ಕ್ರಮವಿಲ್ಲ. ಅವನು ಇಲ್ಲಿ ಇಲ್ಲ, ಅಬು ಹಮೂರಿನಲ್ಲಿ ಮರಳಿನ ಕೆಳಗೆ ಇದ್ದಾನೆ. ಕಾಲ ಮೀರಿದೆ, ಬೇಸಿಗೆ ಹೋಗಿ ಚಳಿ ಬಂದಿದೆ. ಆದರೆ ಮಣ್ಣಿನ ಕೆಳಗಿನವರಿಗೆ ಮಣ್ಣಿನ ಕೆಳಗಿನ ಮಾತು ಕೇಳಿಸದೆ ಇದ್ದೀತೇ, ಮೇಲಿನಿಂದ ಹೇಳಿದ್ದು ಕೇಳುತ್ತದೆಂದರೆ ಪಕ್ಕದಿಂದ ಹೇಳಿದ್ದು ಇನ್ನೂ ಚೆನ್ನಾಗಿ ಕೇಳಬೇಡವೇ, ಗೋಡೆಯ ಆಚೆಯವರು ಈಚೆಯವರ ಮಾತು ಕೇಳಿದ ಹಾಗೆ, ತಾನು ಜನ್ಮವಿಡೀ ಕೇಳಲಿಲ್ಲವೇ. ಅವಳು ನಮಾಜಿಗೆ ಮುಖ ಮಾಡುವ ಕಿಬ್ಲಾ ಯಾವ ಕಡೆ ಎಂದು ನೋಡಿದಳು, ಇಲ್ಲಿ ಕಡೆಗಳೇ ಇಲ್ಲ, ಬೆಳ್ಳಗಿನ ಗೋಡೆ ಮಾತ್ರ, ಮರಳಿನ ಮೇಲೆ ಅಂಗೈ ಇಟ್ಟಳು, ಹಣೆಯ ಜ್ವರ ನೋಡುವ ಹಾಗೆ.

ಓ ಶಾಫಿ. ದನಿ ಬರಲಿಲ್ಲ, ಬರೀ ಗಾಳಿ. ಓ ಶಾಫಿ — ಮುಂದಿನದು ತೂತು, ಮುಸ್ಲಿಯಾರರು ಸ್ವರ ಇಳಿಸುವ ಜಾಗ, ಅಲ್ಲಿ ಅವಳೇ ಇರಬೇಕು, ಬೇರೆ ಯಾರೂ ಅಲ್ಲ, ಇಲ್ಲಿ ಗಂಡಸರಿಲ್ಲ, ಸ್ವರ ಇಳಿಸಬೇಕಾಗಿಲ್ಲ — ರುಕಿಯಾಳ ಮಗನೇ. ಹೇಳಿದಳು. ಆ ಹೆಸರು ಅವಳ ಬಾಯಿಯಿಂದಲೇ ಹೊರಬಿದ್ದು ಎದುರಿಗೆ ಬಂದು ನಿಂತಿತು, ಪರಿಚಯವಿಲ್ಲದ ಹೆಂಗಸಿನಂತೆ, ಮತ್ತು ಗುಂಡಿ ಅದನ್ನು ಒಳಗೆ ತೆಗೆದುಕೊಂಡಿತು, ತಿರುಗಿ ಕೊಡಲಿಲ್ಲ. ರುಕಿಯಾಳ ಮಗನೇ, ನೀನು ಬಿಟ್ಟು ಬಂದ ಲೋಕದ ಮಾತನ್ನು ನೆನೆ. ಈಗ ಇಬ್ಬರು ಬರುತ್ತಾರೆ. ಹೆದರಬೇಡ. ಹೆದರಬೇಡ ಎನ್ನುವ ದನಿಯೇ ಹೀಗೆ ನಡುಗಿದರೆ ಅವನು ಏನು ತಿಳಿದಾನು, ಉಮ್ಮನೇ ಹೆದರಿದ್ದಾಳೆ ಎಂದರೆ ಹೆದರಬೇಕಾದದ್ದು ಏನೋ ಇದೆ ಎಂದೇ ತಿಳಿಯುತ್ತಾನೆ, ಯಾವಾಗಲೂ ಅವಳ ಮುಖ ನೋಡಿಯೇ ಅಳಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದ ಮಗು. ಅವಳು ಉಸಿರು ಹಿಡಿದಳು. ಅಂಗೈಯನ್ನು ಮರಳಿಗೆ ಇನ್ನಷ್ಟು ಒತ್ತಿದಳು. ನಡುಗದ ದನಿಯಲ್ಲಿ, ಅಂಗಿಯ ಗುಂಡಿ ಹಾಕುತ್ತಾ ಹೇಳುತ್ತಿದ್ದಂಥ ದನಿಯಲ್ಲಿ, ಕೇಳುತ್ತಾರೆ ಮಗನೇ, ನಿನ್ನ ರಬ್ಬ್ ಯಾರು ಎಂದು ಕೇಳುತ್ತಾರೆ, ಅಷ್ಟೆ, ನಿನಗೆ ಗೊತ್ತಿದೆ, ಅಲ್ಲಾಹು ನನ್ನ ರಬ್ಬ್ ಎನ್ನು. ಪ್ರವಾದಿ ಯಾರು ಎನ್ನುತ್ತಾರೆ. ಮುಹಮ್ಮದ್ ಎನ್ನು, ಸ್ವಲಾತ್ ಹೇಳು. ಆಮೇಲೆ — ಆಮೇಲೆ ಗಾಳಿ, ಕಡಲ ಗಾಳಿ, ಕಿಟಕಿಯ ಬಾಗಿಲು ಬಡಿಯುತ್ತದೆ, ಮುಸ್ಲಿಯಾರರ ತುಟಿ ಅಲ್ಲಾಡುತ್ತಿದೆ, ಆಮೇಲೆ ಏನು, ಆಮೇಲೆ ಏನು ಕೇಳುತ್ತಾರೆ. ಮರಳು ತಣ್ಣಗಿದೆ. ಬೆಳ್ಳಗಿನ ಗೋಡೆಯ ಬಳಿ ಯಾರೋ ನಿಂತಿರುವಂತಿದೆ. ಇಬ್ಬರು. ಕಲ್ಲೇ ಇರಬೇಕು. ಕಲ್ಲು ಹತ್ತಿರ ಬರುವುದಿಲ್ಲ. ಮೇಲೆ ಎಲ್ಲ ಸದ್ದೂ ನಿಂತಿತ್ತು.

ಒಂದು ಹರಳು ಉರುಳಿತು. ತಟ್, ತಟ್ ಎಂದು ಮೇಲಿನಿಂದ ಇಳಿದು ಬಂದು ಅವಳ ಕೈಯ ಬಳಿ ನಿಂತಿತು. ಅವಳು ಕತ್ತು ಹಿಂದಕ್ಕೆ ಬಾಗಿಸಿದಳು. ಬಾಯಿಯ ತುಟಿಯಲ್ಲಿ, ಬೆಳಕಿಗೆ ಅಡ್ಡವಾಗಿ, ಒಂದು ಶೂ, ಮುಂಭಾಗ ಅಂಚಿನಿಂದ ಈಚೆಗೆ ಚಾಚಿದೆ, ಅಡಿ ಕಾಣುತ್ತದೆ. ಮುಖವಿಲ್ಲ, ಮೈಯಿಲ್ಲ, ಆ ಅಡಿ ಮಾತ್ರ. ಹೋಗಿಲ್ಲ. ಶಿಹಾಬ್ ಹೋಗಿಲ್ಲ, ನಶೀದಾಳ ಬಳಿಗೆ ಹೋಗಿ ಮರಳಿ ಬಂದನೋ, ಹೋಗಲೇ ಇಲ್ಲವೋ, ಅಂಚಿನಲ್ಲಿ ನಿಂತಿದ್ದಾನೆ, ಅವನು ಅವಳನ್ನು ಕಾಣುತ್ತಿಲ್ಲ, ಕತ್ತಲೆಯನ್ನು ಕಾಣುತ್ತಿದ್ದಾನೆ. ಒಂದು ಕಾಲು ಹೊರಡದೆ ಇದ್ದರೆ ಅವರು ಬರುವುದಿಲ್ಲ, ಅಷ್ಟು ಹೊತ್ತು ಇದೆ, ನೆನಪಾದೀತು, ಆಮೇಲೆ ಏನೆಂದು ನೆನಪಾದೀತು, ಶಾಫಿ, ತಡೆ, ಇನ್ನೂ ಒಬ್ಬರಿದ್ದಾರೆ ಮೇಲೆ, ಹೆದರಬೇಡ. ಹೋಗಬೇಡ ಎಂದು ಕೂಗುವಂತಿಲ್ಲ, ಕೂಗಿದರೆ ಕಲ್ಲು. ಆ ಕಾಲು ಎತ್ತಬೇಡ. ಹಾಗೇ ಇರಲಿ. ಅಡಿ ಸ್ವಲ್ಪ ಎದ್ದಿತೇ, ಇಲ್ಲ, ಬೆಳಕು ಕದಲಿದ್ದು, ಇಲ್ಲ, ಎದ್ದಿತು, ಇಲ್ಲ, ಅಲ್ಲಿಯೇ ಇದೆ, ಅಂಚಿನಲ್ಲಿ, ಆ ಬಿಳಿ ಶೂ, ಅದರ ಅಡಿ, ಅದರ ಅಡಿ —